ಆರು ವಾರ ಕಾಯಿಸುವ ಜೀವಿ: ಕಫದ ಡಬ್ಬಿಯಿಂದ ಹೊಸ ಹೆಸರಿನವರೆಗೆ

'ಮಾದರಿಯನ್ನು ಪುಣೆಗೆ ಕಳುಹಿಸಲಾಗಿದೆ.' ಈ ಒಂದು ಸಾಲನ್ನು ಓದದ ಕನ್ನಡಿಗ ಇರಲಿಕ್ಕಿಲ್ಲ. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗ ಮಣಿಪಾಲದ ಪ್ರಯೋಗಾಲಯ ಅದನ್ನು ಹಿಡಿಯಿತು, ಖಚಿತಪಡಿಸಲು ಮಾದರಿ ಹೋದದ್ದು ಪುಣೆಗೆ. 2020ರ ಆರಂಭದಲ್ಲಿ ಕೊರೋನಾ ಅನುಮಾನ ಬಂದರೂ ಪುಣೆ. ಅದಕ್ಕೂ ಬಹಳ ಹಿಂದೆ, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಕಾಡಂಚಿನ ಜನ ಜ್ವರದಿಂದ ನರಳಿದಾಗ, ಅದು ಯಾವ ರೋಗ ಅಂತ ಕಂಡುಹಿಡಿದವರೂ ಪುಣೆಯವರೇ. ಆಗ ಅದರ ಹೆಸರು ವೈರಸ್ ರಿಸರ್ಚ್ ಸೆಂಟರ್. 1952ರಲ್ಲಿ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ ಕಟ್ಟಿದ ಸಂಸ್ಥೆ, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ನಮ್ಮ ಮಂಗನ ಕಾಯಿಲೆಗೆ ಲೋಕದ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರು ಅಂಟಿಕೊಂಡದ್ದು ಹಾಗೆ.

ಆದರೆ ನಾನು ಬರೆಯಲು ಕೂತದ್ದು ವೈರಸ್ ಬಗ್ಗೆ ಅಲ್ಲ. ಪುಣೆಯಲ್ಲೇ ಇರುವ ಇನ್ನೊಂದು ಕೆಲಸದ ಬಗ್ಗೆ. ಅದು ಪತ್ರಿಕೆಯಲ್ಲಿ ಬರುವುದು ಕಡಿಮೆ. ನನಗೂ ಗೊತ್ತಿರಲಿಲ್ಲ, ಮಾವನ ಕಾಯಿಲೆ ಅದನ್ನು ಕಲಿಸಿತು.

ಮಾವ ಅಂದರೆ ಉಮ್ಮನ ತಮ್ಮ. ಹಲವು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದವರು. ಕೆಮ್ಮು ಬಿಡದೆ ಹೋಯಿತು. ಊರ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿ ಟಿಬಿ ಅಂದರು. ಆರು ತಿಂಗಳು ಮಾತ್ರೆ ನುಂಗಿದರು. ರಮಳಾನಿನಲ್ಲಿ ಉಪವಾಸ ಬಿಡಲು ಒಪ್ಪದೆ ಸಹ್ರಿಗೆ ಎದ್ದು ಮಾತ್ರೆ ತಿಂದವರು ಅವರು. ರೋಗಿಗೆ ರಿಯಾಯಿತಿ ಇದೆ ಎಂದು ಉಸ್ತಾದರೇ ಬಂದು ಹೇಳಿದರೂ ಕೇಳಲಿಲ್ಲ. ಕೆಮ್ಮು ಮಾತ್ರ ಹಾಗೇ ಉಳಿಯಿತು. ಮತ್ತೆ ಕಫ, ಮತ್ತೆ 'ಪಾಸಿಟಿವ್', ಮತ್ತೆ ಮಾತ್ರೆ. ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆಯಾಯಿತು. ಮೊಮ್ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಮಸೀದಿಯ ಸಫ್‌ನಲ್ಲಿ ಪಕ್ಕದವರು ಸ್ವಲ್ಪ ಸರಿದು ನಿಲ್ಲುವುದನ್ನು ಅವರು ಗಮನಿಸಿದ್ದರಂತೆ, ಯಾರಿಗೂ ಹೇಳಿರಲಿಲ್ಲ. ಕೊನೆಗೆ ಮಗ ಪುಣೆಯ ಕೊಂಢ್ವಾದ ತನ್ನ ಮನೆಗೆ ಕರೆದುಕೊಂಡು ಹೋದ. ಅಲ್ಲಿನ ವೈದ್ಯರು ಕಫವನ್ನು ಕಲ್ಚರ್‌ಗೆ ಕಳಿಸಿ, 'ಆರರಿಂದ ಎಂಟು ವಾರ ಕಾಯಿರಿ' ಅಂದರು. ಫೋನಿನಲ್ಲಿ ಇದನ್ನು ಕೇಳಿ ನನಗೆ ಸಿಟ್ಟೇ ಬಂತು. ಕೊರೋನಾ ರಿಪೋರ್ಟ್ ಒಂದು ದಿನದಲ್ಲಿ ಬರುವ ಕಾಲದಲ್ಲಿ ಎಂಟು ವಾರ ಯಾಕೆ?

ಯಾಕೆ ಅಂದ್ರೆ, ಆ ಜೀವಿ ಬೆಳೆಯುವುದೇ ಅಷ್ಟು ನಿಧಾನ.

ಕ್ಷಯದ ಬ್ಯಾಕ್ಟೀರಿಯಾ ಸೇರಿದ ಕುಲದ ಹೆಸರು ಮೈಕೋಬ್ಯಾಕ್ಟೀರಿಯಂ. ನಮ್ಮ ಕರುಳಿನಲ್ಲಿರುವ ಇ-ಕೋಲೈ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ರಾತ್ರಿ ಮಲಗುವಾಗ ಒಂದಿದ್ದರೆ, ಎಂಟು ಗಂಟೆ ಕಳೆದು ಏಳುವಾಗ ಒಂದೂವರೆ ಕೋಟಿಗೂ ಹೆಚ್ಚು. ಕ್ಷಯದ ಬ್ಯಾಕ್ಟೀರಿಯಾಕ್ಕೆ ಒಮ್ಮೆ ಒಡೆದು ಎರಡಾಗಲು ಸುಮಾರು ಒಂದು ದಿನ ಬೇಕು. ಅದೇ ಎಂಟು ಗಂಟೆಯಲ್ಲಿ ಅದು ಒಂದಾಗಿಯೇ ಇರುತ್ತದೆ. ಕುಷ್ಠದ ಬ್ಯಾಕ್ಟೀರಿಯಾದ ಕಥೆ ಇನ್ನೂ ವಿಚಿತ್ರ. ಅದಕ್ಕೆ ಎರಡಾಗಲು 12ರಿಂದ 14 ದಿನ. ನಾರ್ವೆಯ ಹ್ಯಾನ್ಸನ್ ಅದನ್ನು 1873ರಲ್ಲಿ ನೋಡಿದ. ಇವತ್ತಿನವರೆಗೂ ಯಾರೂ ಅದನ್ನು ಪ್ರಯೋಗಾಲಯದ ಆಹಾರದ ಮೇಲೆ ಬೆಳೆಸಲು ಸಾಧ್ಯವಾಗಿಲ್ಲ. 1960ರಲ್ಲಿ ಇಲಿಯ ಪಾದದಲ್ಲಿ, 1971ರಲ್ಲಿ ಆರ್ಮಡಿಲೋ ಎಂಬ ಚಿಪ್ಪಿನ ಪ್ರಾಣಿಯಲ್ಲಿ ಬೆಳೆಸಿದರು, ಅಷ್ಟೇ.

ನಿಧಾನಕ್ಕೆ ಕಾರಣ ಎರಡು ಮೂರಿದೆ. ಈ ಕುಲದ ಬ್ಯಾಕ್ಟೀರಿಯಾಗಳ ಹೊರಗೋಡೆ ದಪ್ಪ, ಮೇಣದಂತಹ ಕೊಬ್ಬಿನದು. ಆಹಾರ ಒಳಗೆ ಹೋಗುವುದೂ ಕಷ್ಟ, ಅಂಥ ಗೋಡೆ ಹೊಸದಾಗಿ ಕಟ್ಟುವುದೂ ದುಬಾರಿ. ಇನ್ನೊಂದು, ಪ್ರೋಟೀನ್ ತಯಾರಿಸುವ ಯಂತ್ರವನ್ನು ಕಟ್ಟಲು ಬೇಕಾದ ಆರ್‌ಆರ್‌ಎನ್‌ಎ ಜೀನುಗಳ ಗುಂಪು ಇ-ಕೋಲೈಯಲ್ಲಿ ಏಳಿದ್ದರೆ, ನಿಧಾನವಾಗಿ ಬೆಳೆಯುವ ಮೈಕೋಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಒಂದೇ ಒಂದು. ಏಳು ಒಲೆಯ ಅಡುಗೆಮನೆಗೂ ಒಂದು ಒಲೆಯ ಅಡುಗೆಮನೆಗೂ ಇರುವ ವ್ಯತ್ಯಾಸ ಅಂತಿಟ್ಟುಕೊಳ್ಳಿ. ಕಣ್ಣಿಗೆ ಕಾಣುವ ಗುಂಪಾಗಿ ಬೆಳೆಯಲು ಏಳು ದಿನಕ್ಕಿಂತ ಹೆಚ್ಚು ಬೇಕಾದರೆ ಅದು 'ನಿಧಾನದ್ದು', ಅದಕ್ಕಿಂತ ಕಡಿಮೆ ಸಾಕಾದರೆ 'ವೇಗದ್ದು' ಎಂದು ವಿಜ್ಞಾನಿಗಳು ಗೆರೆ ಎಳೆದಿದ್ದಾರೆ.

ಅದೇ ಮೇಣದ ಗೋಡೆ ಇನ್ನೊಂದು ಉಪಕಾರವನ್ನೂ ಅಪಕಾರವನ್ನೂ ಮಾಡಿದೆ. ಗಾಜಿನ ಮೇಲೆ ಕಫ ಸವರಿ, ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಆಮೇಲೆ ಆಮ್ಲದಿಂದ ತೊಳೆದರೆ ಬೇರೆ ಬ್ಯಾಕ್ಟೀರಿಯಾಗಳ ಬಣ್ಣ ಹೋಗುತ್ತದೆ, ಇವುಗಳದ್ದು ಹೋಗುವುದಿಲ್ಲ. ಝೀಲ್-ನೀಲ್ಸನ್ ವಿಧಾನ ಅನ್ನುತ್ತಾರೆ. ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಲೋಕಕ್ಕೆ ತೋರಿಸಿದ್ದು 1882ರ ಮಾರ್ಚ್ 24ಕ್ಕೆ. ಅದೇ ಕಾಲದ ವಿಧಾನ ಇದು, ಇಂದಿಗೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಯುತ್ತಿದೆ. ಅಗ್ಗ, ಅರ್ಧ ದಿನದ ಕೆಲಸ. ಕೋಟ್ಯಂತರ ಜನರ ಜೀವ ಉಳಿಸಿದ ಪರೀಕ್ಷೆ. ಅದರ ದೋಷ ಏನಂದ್ರೆ, ಕೆಂಪು ಕಡ್ಡಿ ಕಂಡರೆ ಅದು ಮೈಕೋಬ್ಯಾಕ್ಟೀರಿಯಂ ಅಂತ ಮಾತ್ರ ಹೇಳುತ್ತದೆ. ಯಾವ ಮೈಕೋಬ್ಯಾಕ್ಟೀರಿಯಂ ಅಂತ ಹೇಳುವುದಿಲ್ಲ. ಈ ಕುಲದಲ್ಲಿ ಹತ್ತಿರ ಹತ್ತಿರ 200 ಪ್ರಭೇದಗಳಿವೆ. ಹೆಚ್ಚಿನವು ಮಣ್ಣು, ಕೆರೆ, ನಲ್ಲಿ ನೀರಿನಲ್ಲಿ ತಮ್ಮ ಪಾಡಿಗೆ ಬದುಕುತ್ತವೆ. ಕೆಲವು ಮಾತ್ರ, ಶ್ವಾಸಕೋಶ ಮೊದಲೇ ಹಾಳಾದವರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ಒಳಹೊಕ್ಕು ಕ್ಷಯದಂತೆಯೇ ಕಾಣುವ ಕಾಯಿಲೆ ತರುತ್ತವೆ. ಇವುಗಳಿಗೆ ಒಟ್ಟಾಗಿ ಎನ್‌ಟಿಎಂ, ಅಂದರೆ ಕ್ಷಯದ್ದಲ್ಲದ ಮೈಕೋಬ್ಯಾಕ್ಟೀರಿಯಾ ಎಂಬ ಹೆಸರು. 'ಅಲ್ಲದ್ದು' ಅನ್ನುವುದೂ ಒಂದು ಹೆಸರಾ ಅಂತ ನೀವು ಕೇಳಬಹುದು. ನ್ಯಾಯವೇ. ಒಬ್ಬ ಮನುಷ್ಯನನ್ನು 'ರಹೀಮ್ ಅಲ್ಲದವನು' ಅಂತ ಕರೆದ ಹಾಗೆ.

ಹೊರಗಿನಿಂದ ಒಂದೇ ಥರ ಕಾಣುವ ಎರಡು ರೋಗಗಳನ್ನು ಬೇರೆ ಮಾಡುವ ಕಷ್ಟ ಹಳೆಯದು. ಸುಮಾರು 1100 ವರ್ಷಗಳ ಹಿಂದೆ ರಯ್ಯ್ ಮತ್ತು ಬಗ್ದಾದಿನಲ್ಲಿ ವೈದ್ಯರಾಗಿದ್ದ ಅಬೂಬಕರ್ ಅಲ್-ರಾಝಿ ಸಿಡುಬು ಮತ್ತು ದಡಾರದ ಬಗ್ಗೆಯೇ ಒಂದು ಗ್ರಂಥ ಬರೆದರು. ಎರಡರಲ್ಲೂ ಜ್ವರ, ಎರಡರಲ್ಲೂ ಮೈಮೇಲೆ ಗುಳ್ಳೆ. ಸಿಡುಬಿನಲ್ಲಿ ಬೆನ್ನುನೋವು ಹೆಚ್ಚು, ದಡಾರದಲ್ಲಿ ತಳಮಳ, ವಾಕರಿಕೆ ಹೆಚ್ಚು ಎಂದು ಅವರು ರೋಗಿಯ ಪಕ್ಕದಲ್ಲಿ ಕೂತು ನೋಡಿ ಬರೆದಿಟ್ಟರು. ಅವರ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ. ನಮ್ಮ ಬಳಿ ಇದೆ, ಆದರೂ ಗಾಜಿನ ಮೇಲಿನ ಕೆಂಪು ಕಡ್ಡಿ ನಮ್ಮನ್ನು ಮೋಸಗೊಳಿಸುತ್ತದೆ.

ಹಾಗಾಗಿ ಬೆಳೆಸಿಯೇ ನೋಡಬೇಕು. ಕಫದಲ್ಲಿ ಬಾಯಿಯ ನೂರೆಂಟು ಬ್ಯಾಕ್ಟೀರಿಯಾ ಇರುತ್ತವೆ. ಅವುಗಳನ್ನು ಹಾಗೇ ಬಿಟ್ಟರೆ ಮರುದಿನವೇ ಇಡೀ ನಳಿಕೆಯನ್ನು ಆಕ್ರಮಿಸುತ್ತವೆ. ಅದಕ್ಕೆ ಮೊದಲು ಕಫವನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕದಡುತ್ತಾರೆ. ಮೇಣದ ಕೋಟು ತೊಟ್ಟವು ಉಳಿಯುತ್ತವೆ, ಮಿಕ್ಕವು ಸಾಯುತ್ತವೆ. ಹೆಚ್ಚು ಹೊತ್ತು ಇಟ್ಟರೆ ನಮಗೆ ಬೇಕಾದದ್ದೂ ಸತ್ತೀತು. ಆಮೇಲೆ ಮೊಟ್ಟೆಯಿಂದ ಮಾಡಿದ, ಮ್ಯಾಲಕೈಟ್ ಹಸಿರು ಬಣ್ಣ ಬೆರೆಸಿದ ಲೋವೆನ್‌ಸ್ಟೈನ್-ಜೆನ್ಸನ್ ಎಂಬ ಆಹಾರದ ಮೇಲೆ ಹಚ್ಚಿ 37 ಡಿಗ್ರಿಯಲ್ಲಿ ಇಡುತ್ತಾರೆ. ಚರ್ಮದ ಹುಣ್ಣಿನಿಂದ ತೆಗೆದದ್ದಾದರೆ 30 ಡಿಗ್ರಿಯಲ್ಲೂ ಒಂದು, ಯಾಕೆಂದರೆ ಕೆಲವು ಪ್ರಭೇದಗಳಿಗೆ ದೇಹದ ಬಿಸಿ ಆಗಿಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1948ರಲ್ಲಿ ವರದಿಯಾದ ಅಲ್ಸರನ್ಸ್ ಎಂಬ ಹುಣ್ಣಿನ ಬ್ಯಾಕ್ಟೀರಿಯಾ ಹಾಗೆಯೇ, ತಂಪು ಕಡಿಮೆಯಾದರೆ ಬೆಳೆಯುವುದಿಲ್ಲ. ನಂತರ ವಾರಕ್ಕೊಮ್ಮೆ ನಳಿಕೆ ತೆಗೆದು ನೋಡುವುದು, ಮತ್ತೆ ಇಡುವುದು. ದ್ರವರೂಪದ ಆಹಾರದಲ್ಲಿ ಬೇಗ ಬೆಳೆಯುವ ಯಂತ್ರಗಳೂ ಈಗ ಇವೆ, ಆದರೂ ವಾರಗಳ ಲೆಕ್ಕವೇ.

ಬೆಳೆದ ಮೇಲೆ ನೋಡುವುದೂ ಒಂದು ವಿದ್ಯೆ. ಕ್ಷಯದ್ದು ಒರಟಾಗಿ, ಒಣಗಿದ ಹೂಕೋಸಿನಂತೆ, ಮಾಸಲು ಬಣ್ಣದಲ್ಲಿ ಬರುತ್ತದೆ. 1953ರಲ್ಲಿ ಅಮೆರಿಕದ ಕನ್ಸಾಸ್ ಸಿಟಿಯ ರೋಗಿಗಳ ಕಫದಲ್ಲಿ ಬೆಳೆದದ್ದು ಬೇರೆ ಥರ ಇತ್ತು. ಬೆಳಕಿಗೆ ಹಿಡಿದರೆ ಹಳದಿಯಾಗುತ್ತಿತ್ತು. ಅದು ಈಗ ಮೈಕೋಬ್ಯಾಕ್ಟೀರಿಯಂ ಕನ್ಸಾಸಿ. 1959ರಲ್ಲಿ ರನ್ಯನ್ ಎಂಬ ವಿಜ್ಞಾನಿ ಈ ಕಾಡುಜನಗಳನ್ನೆಲ್ಲ ನಾಲ್ಕು ಗುಂಪು ಮಾಡಿದ: ಬೆಳಕಿನಲ್ಲಿ ಬಣ್ಣ ಬರುವವು, ಕತ್ತಲಲ್ಲೂ ಬಣ್ಣ ಬರುವವು, ಬಣ್ಣವೇ ಬಾರದವು, ಬೇಗ ಬೆಳೆಯುವವು. ಹೊಲದಲ್ಲಿ ಭತ್ತದ ತಳಿಯನ್ನು ತೆನೆ ನೋಡಿ ಹೇಳುವ ರೈತನ ಹಾಗೆ, ಹಳೆಯ ತಂತ್ರಜ್ಞರು ನಳಿಕೆ ನೋಡಿಯೇ ಹೇಳಬಲ್ಲರು.

ಕೆಲವೊಮ್ಮೆ ಯಾವುದಕ್ಕೂ ಹೊಂದದ ಒಂದು ಸಿಗುತ್ತದೆ. ಹೊಸ ಪ್ರಭೇದದ ಕಥೆ ಶುರುವಾಗುವುದು ಅಲ್ಲಿಂದ.

ಮೊದಲು ನೋಡುವುದು 16ಎಸ್ ಆರ್‌ಆರ್‌ಎನ್‌ಎ ಎಂಬ ಜೀನನ್ನು. ಸುಮಾರು 1500 ಅಕ್ಷರಗಳ ಬರಹ ಅದು. ಎಲ್ಲ ಬ್ಯಾಕ್ಟೀರಿಯಾದಲ್ಲೂ ಇದೆ, ಬಹಳ ನಿಧಾನವಾಗಿ ಬದಲಾಗುತ್ತದೆ. ಗೊತ್ತಿರುವ ಪ್ರಭೇದಗಳ ಬರಹದ ಜತೆ ಹೋಲಿಸಿದಾಗ ಸಾಮ್ಯ ಶೇ. 98.7ಕ್ಕಿಂತ ಕಡಿಮೆ ಇದ್ದರೆ ಹೊಸದಿರಬಹುದು ಅಂತ ಲೆಕ್ಕ. ಆದರೆ ಮೈಕೋಬ್ಯಾಕ್ಟೀರಿಯಾದಲ್ಲಿ ಈ ಒಂದನ್ನೇ ನಂಬಿದರೆ ಕೆಟ್ಟೆವು. ಮನುಷ್ಯರಿಗೆ ರೋಗ ತರುವ ಕನ್ಸಾಸಿ ಮತ್ತು ಹೆಚ್ಚು ತೊಂದರೆ ಕೊಡದ ಗ್ಯಾಸ್ಟ್ರಿ, ಇವೆರಡರ 16ಎಸ್ ಬರಹ ಒಂದೇ. ಅವಳಿ ಮಕ್ಕಳ ಮುಖ ನೋಡಿ ಸ್ವಭಾವ ಹೇಳಿದ ಹಾಗಾಗುತ್ತದೆ. ಹಾಗಾಗಿ ಬೇರೆ ಜೀನುಗಳನ್ನೂ, ಈಗೀಗ ಇಡೀ ಜೀನೋಮನ್ನೂ ಓದುತ್ತಾರೆ. ಎರಡು ಜೀನೋಮುಗಳ ಸರಾಸರಿ ಸಾಮ್ಯ ಶೇ. 95-96ಕ್ಕಿಂತ ಕೆಳಗಿದ್ದರೆ ಪ್ರಭೇದ ಬೇರೆ. ಜತೆಗೆ ಗೋಡೆಯ ಕೊಬ್ಬು ಯಾವುದು, ಯಾವ ಬಿಸಿಗೆ ಬೆಳೆಯುತ್ತದೆ, ಯಾವ ಔಷಧಿಗೆ ಸಾಯುತ್ತದೆ, ಎಲ್ಲವನ್ನೂ ಬರೆಯಬೇಕು.

ಬರೆದರೆ ಸಾಲದು, ಜೀವಿಯನ್ನೂ ಕೊಡಬೇಕು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಹೊಸ ಬ್ಯಾಕ್ಟೀರಿಯಾಕ್ಕೆ ಹೆಸರಿಡುವವರು ಅದರ ಜೀವಂತ ಮಾದರಿಯನ್ನು ಎರಡು ಬೇರೆ ಬೇರೆ ದೇಶಗಳ ಎರಡು ಸಂಗ್ರಹಾಲಯಗಳಲ್ಲಿ ಠೇವಣಿ ಇಡಬೇಕು. ಬೇರೆಯವರು ತರಿಸಿಕೊಂಡು 'ಹೌದಾ, ನೋಡೋಣ' ಅಂತ ಪರೀಕ್ಷಿಸಲು ಸಾಧ್ಯವಿರಬೇಕು. ನಿಕಾಹ್‌ಗೆ ಇಬ್ಬರು ಸಾಕ್ಷಿ ಬೇಕಲ್ಲ, ಹಾಗೆ.

ಇಲ್ಲಿ ಪುಣೆ ಬರುತ್ತದೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಇದೆ, ಎನ್‌ಸಿಸಿಎಸ್. ಅದರಡಿ 2009ರಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಹಣದಿಂದ ಸೂಕ್ಷ್ಮಜೀವಿಗಳ ಸಂಗ್ರಹಾಲಯವೊಂದು ಆರಂಭವಾಯಿತು. ಯೋಗೇಶ್ ಶೌಚೆ ಅದನ್ನು ಕಟ್ಟಿ ಬೆಳೆಸಿದವರು. 2011ರಲ್ಲಿ ಅದಕ್ಕೆ ಬುಡಾಪೆಸ್ಟ್ ಒಪ್ಪಂದದಡಿ ಅಂತಾರಾಷ್ಟ್ರೀಯ ಠೇವಣಿ ಕೇಂದ್ರದ ಮಾನ್ಯತೆಯೂ ಸಿಕ್ಕಿತು. ಜೀವಿಗಳನ್ನು ಒಣಗಿಸಿ ಗಾಜಿನ ಕೊಳವೆಯೊಳಗೆ ಮುಚ್ಚಿ, ಅಥವಾ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ, ದ್ರವ ಸಾರಜನಕದಲ್ಲಿ ಕಾಪಿಡುತ್ತಾರೆ. ಜೀವ ಹೋಗಿಲ್ಲ, ನಿಂತಿದೆ. ವರ್ಷಗಳ ಮೇಲೆ ಎಬ್ಬಿಸಿದರೆ ಮತ್ತೆ ಬೆಳೆಯುತ್ತವೆ.

ಪುಣೆಯವರೇ ಮನುಷ್ಯರ ದೇಹದಿಂದ ಹೊಸ ಪ್ರಭೇದ ಹೆಕ್ಕಿದ ಉದಾಹರಣೆಯೂ ಇದೆ. ಅಲ್ಲಿನ ಅಘಾರ್ಕರ್ ಸಂಶೋಧನಾ ಸಂಸ್ಥೆ ಮತ್ತು ಎನ್‌ಸಿಸಿಎಸ್ ಸೇರಿ 2014ರಲ್ಲಿ ಮೆಗಾಸ್ಫೇರಾ ಇಂಡಿಕಾ ಎಂಬ ಬ್ಯಾಕ್ಟೀರಿಯಾವನ್ನು ವರ್ಣಿಸಿದವು. ಸಿಕ್ಕಿದ್ದು ಆರೋಗ್ಯವಂತರಾದ ಇಬ್ಬರ ಮಲದಲ್ಲಿ. ಅದು ನಿಧಾನದ್ದಲ್ಲ, ಆದರೆ ಇನ್ನೊಂದು ರೀತಿಯ ಹಟಮಾರಿ: ಆಮ್ಲಜನಕ ತಗುಲಿದರೆ ಬದುಕದು. ಗಾಳಿಯೇ ಇಲ್ಲದ ಪೆಟ್ಟಿಗೆಯೊಳಗೆ ಕೈಗವಸು ತೂರಿಸಿ ಎಲ್ಲ ಕೆಲಸ ಮಾಡಬೇಕು. ಇಬ್ಬರು ಬೇರೆ ಬೇರೆ ವ್ಯಕ್ತಿಗಳಲ್ಲಿ ಸಿಕ್ಕಿದ್ದು ಅದರ ಬಲ. ಒಬ್ಬನಲ್ಲಿ ಮಾತ್ರ ಸಿಕ್ಕಿದ್ದರೆ, ಅದು ಆಕಸ್ಮಿಕವೋ ಏನೋ ಎಂಬ ಅನುಮಾನ ಉಳಿಯುತ್ತಿತ್ತು.

ಈ ಅನುಮಾನ ರೋಗಿಯಿಂದ ಸಿಕ್ಕ ಜೀವಿಯ ವಿಷಯದಲ್ಲಿ ಹತ್ತು ಪಟ್ಟು. ರೋಗಿಯಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ರೋಗಕ್ಕೆ ಅದೇ ಕಾರಣ ಅಂತಲ್ಲ. ಇದಕ್ಕೆ ಮುಂಬೈಯ ಕಥೆಗಿಂತ ಒಳ್ಳೆಯ ಪಾಠ ನನಗೆ ಕಾಣುವುದಿಲ್ಲ. 1958ರಲ್ಲಿ ಅಲ್ಲಿನ ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರ್‌ನಲ್ಲಿ ಖಾನೋಲ್ಕರ್, ರಣದಿವೆ, ಬಾಪಟ್ ಮೊದಲಾದವರ ತಂಡ ಕುಷ್ಠರೋಗಿಯ ಗಂಟಿನಿಂದ ತೆಗೆದ ಅಂಶವನ್ನು ನರಕೋಶಗಳ ಮೇಲೆ ಹಾಕಿ ಒಂದು ಬ್ಯಾಕ್ಟೀರಿಯಾವನ್ನು ಬೆಳೆಸಿತು. ಕೆಂಪು ಕಡ್ಡಿಯೇ. ನಿಧಾನವಾಗಿ ಬೆಳೆಯುವುದೇ. ಕುಷ್ಠರೋಗಿಯಿಂದಲೇ ಬಂದದ್ದು. ಯಾರೂ ಬೆಳೆಸಲಾಗದ ಕುಷ್ಠದ ಜೀವಿಯನ್ನು ಭಾರತೀಯರು ಬೆಳೆಸಿಬಿಟ್ಟರೇ? ಆಸೆ ಯಾರಿಗೂ ಹುಟ್ಟುವಂಥದ್ದೇ. ಮುಂದಿನ ಪರೀಕ್ಷೆಗಳು ಹೇಳಿದ್ದು ಬೇರೆ. ಅದು ಏವಿಯಂ-ಇಂಟ್ರಾಸೆಲ್ಯುಲಾರೆ ಎಂಬ, ನೀರು ಮಣ್ಣಿನಲ್ಲಿ ಸಿಗುವ ಎನ್‌ಟಿಎಂ ಬಳಗಕ್ಕೆ ಸೇರಿದ್ದು.

ಆದರೆ ಮುಂಬೈಯವರು ನಳಿಕೆಯನ್ನು ಎಸೆಯಲಿಲ್ಲ. ಅದು ಕುಷ್ಠದ ಜೀವಿಯಲ್ಲದಿದ್ದರೂ ದೇಹದ ರಕ್ಷಣಾ ವ್ಯವಸ್ಥೆಗೆ ಅದರ ಪರಿಚಯ ಮಾಡಿಸಬಲ್ಲದು ಎಂದು ಮಾಧವ ದೇವ್ ಮತ್ತಿತರರು ಅದನ್ನು ಕೊಂದು ಲಸಿಕೆ ಮಾಡಿದರು. ದೇವ್ ಮುಂದೆ ಪುಣೆಯಲ್ಲಿ ನೆಲೆಸಿ ಕೆಲಸ ಮಾಡಿದವರು. 1990ರ ದಶಕದಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಕಡೆ ನಾಲ್ಕು ಲಸಿಕೆಗಳನ್ನು ಹೋಲಿಸಿದ ದೊಡ್ಡ ಪ್ರಯೋಗದಲ್ಲಿ, 1998ರ ವರದಿಯಂತೆ, ಈ ಐಸಿಆರ್‌ಸಿ ಲಸಿಕೆ ಶೇ. 65.5ರಷ್ಟು ರಕ್ಷಣೆ ಕೊಟ್ಟಿತು. ಬರೀ ಬಿಸಿಜಿ ಕೊಟ್ಟದ್ದು ಶೇ. 34.1.

ಅದೇ ಪ್ರಯೋಗದಲ್ಲಿ ಎಂ.ಡಬ್ಲ್ಯೂ ಎಂಬ ಇನ್ನೊಂದು ಭಾರತೀಯ ಬ್ಯಾಕ್ಟೀರಿಯಾವೂ ಇತ್ತು, ಅದರ ಪಾಲು ಶೇ. 25.7. ದೆಹಲಿಯ ರಾಷ್ಟ್ರೀಯ ಪ್ರತಿರಕ್ಷಾ ಸಂಸ್ಥೆಯ ಜಿ.ಪಿ. ತಲ್ವಾರ್ ಅದನ್ನು ಕುಷ್ಠದ ಚಿಕಿತ್ಸೆಗೆ ತಂದವರು. ಇದರ ಹೆಸರಿನ ಪುರಾಣ ಸ್ವಾರಸ್ಯದ್ದು. 2009ರಲ್ಲಿ ಸೈಯದ್ ಹಸ್ನೈನ್, ನಿಯಾಝ್ ಅಹ್ಮದ್ ಮೊದಲಾದವರಿದ್ದ ತಂಡ ಇದೊಂದು ಪ್ರತ್ಯೇಕ ಪ್ರಭೇದ ಎಂದು ಪ್ರಕಟಿಸಿ ಮೈಕೋಬ್ಯಾಕ್ಟೀರಿಯಂ ಇಂಡಿಕಸ್ ಪ್ರಾಣಿ ಎಂದು ಕರೆಯಿತು. ಪ್ರಾಣ್ ಎಂಬುದು ತಲ್ವಾರರ ಹೆಸರು, ಕೊನೆಯಲ್ಲಿ ಸಂಸ್ಥೆಯ ಅಕ್ಷರಗಳು. ಪ್ರಭೇದದ ಹೆಸರು ಎರಡು ಪದದ್ದಿರಬೇಕು ಎಂಬ ಲಿನ್ನೇಯಸನ ಕಾಲದ ಪದ್ಧತಿಯನ್ನು ಮೀರಿದ ಮೂರು ಪದದ ಹೆಸರು. 2015ರಲ್ಲಿ ಜೀನೋಮನ್ನು ಕೂಲಂಕಷ ಹೋಲಿಸಿದ ಬೇರೊಂದು ತಂಡ, ಇದು ಹೊಸದಲ್ಲ, ಇಂಟ್ರಾಸೆಲ್ಯುಲಾರೆಯದೇ ಒಂದು ತಳಿ ಎಂದಿತು. ಔಷಧವಾಗಿ ಅದು ಅದೇ ಇದೆ, ಗುಣ ಬದಲಾಗಿಲ್ಲ. ಮನೆತನದ ಹೆಸರು ಮಾತ್ರ ಹೋಯಿತು.

ಹೆಸರಿಗೆ ಇಷ್ಟು ಜಗಳ ಯಾಕೆ, ರೋಗಿಗೆ ಇದರಿಂದ ಏನು ಅಂತ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಕೈಮೇರಾ ಎಂಬ ಪ್ರಭೇದದ ಬಗ್ಗೆ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಇಟಲಿಯ ಟೊರ್ಟೋಲಿ ಮತ್ತು ಸಂಗಡಿಗರು 2004ರಲ್ಲಿ ಇಂಟ್ರಾಸೆಲ್ಯುಲಾರೆ ಬಳಗದಿಂದ ಇದನ್ನು ಬೇರೆ ಮಾಡಿ ಹೆಸರಿಟ್ಟಾಗ, ಇದೆಂಥ ಕೂದಲು ಸೀಳುವ ಕೆಲಸ ಅಂದವರಿದ್ದಿರಬಹುದು. ಸುಮಾರು ಹತ್ತು ವರ್ಷದ ಬಳಿಕ ಸ್ವಿಟ್ಝರ್ಲೆಂಡಿನ ಝೂರಿಕ್‌ನಲ್ಲಿ, ತೆರೆದ ಹೃದಯದ ಶಸ್ತ್ರಚಿಕಿತ್ಸೆ ಆದವರಲ್ಲಿ ಕೆಲವರು ವರ್ಷಗಳ ಮೇಲೆ ವಿಚಿತ್ರ ಜ್ವರದಿಂದ ಬಂದರು. ಎಲ್ಲರಲ್ಲೂ ಸಿಕ್ಕಿದ್ದು ಅಪರೂಪದ ಕೈಮೇರಾ. ಬರೀ 'ಎನ್‌ಟಿಎಂ' ಅಂತ ವರದಿ ಬಂದಿದ್ದರೆ, ನೀರಿನದ್ದಿರಬೇಕು ಬಿಡಿ ಎಂದು ಯಾರೂ ಗಂಟು ಹಾಕುತ್ತಿರಲಿಲ್ಲ. ಹೆಸರು ಒಂದೇ ಇದ್ದದ್ದರಿಂದ ಕೊಂಡಿ ಸಿಕ್ಕಿತು. ಹುಡುಕಿದರೆ, ಶಸ್ತ್ರಚಿಕಿತ್ಸೆಯ ವೇಳೆ ರಕ್ತವನ್ನು ಬಿಸಿ-ತಂಪು ಮಾಡಲು ಬಳಸುವ ಯಂತ್ರದ ನೀರಿನ ತೊಟ್ಟಿಯಲ್ಲಿ ಅದು ಬೆಳೆದು, ಹನಿಯಾಗಿ ಗಾಳಿಗೆ ಹಾರಿ, ತೆರೆದ ಎದೆಗೆ ಬೀಳುತ್ತಿತ್ತು. ಬೇರೆ ಬೇರೆ ದೇಶಗಳ ರೋಗಿಗಳಲ್ಲಿ ಸಿಕ್ಕಿದ್ದರ ಜೀನೋಮ್ ಹೋಲಿಸಿದಾಗ ಜಾಡು ಯಂತ್ರ ತಯಾರಾದ ಜರ್ಮನಿಯ ಕಾರ್ಖಾನೆಯವರೆಗೆ ಹೋಯಿತು.

ನಮ್ಮವರಿಗೆ ಹತ್ತಿರದ ಇನ್ನೊಂದು ಉದಾಹರಣೆ ರಿಯಾದ್‌ನದ್ದು. ಅಲ್ಲಿನ ಒಬ್ಬ ರೋಗಿಯ ಕೆನ್ನೆಯ ಸೈನಸ್‌ನಿಂದ ತೆಗೆದ ನಿಧಾನದ ಬ್ಯಾಕ್ಟೀರಿಯಾವೊಂದನ್ನು 2009ರಲ್ಲಿ ಮೈಕೋಬ್ಯಾಕ್ಟೀರಿಯಂ ರಿಯಾಧೆನ್ಸ್ ಎಂದು ಹೆಸರಿಸಿದರು. ಮಾರುಕಟ್ಟೆಯಲ್ಲಿ ಸಿಗುವ ಒಂದು ಸಿದ್ಧ ಪರೀಕ್ಷೆ ಅದನ್ನು ಕ್ಷಯದ ಬಳಗದ್ದು ಎಂದು ತಪ್ಪಾಗಿ ಗುರುತಿಸಿತ್ತು. 2008ರಲ್ಲಿ ಮೆಕ್ಸಿಕೋ ಮೂಲದ ಇಬ್ಬರು ರೋಗಿಗಳ ಅಂಗಾಂಶದಿಂದ ಅಮೆರಿಕದ ಹ್ಯೂಸ್ಟನ್ನಿನ ಹಾನ್ ಮತ್ತು ಸಂಗಡಿಗರು ಕಂಡುಕೊಂಡ ಲೆಪ್ರೊಮಟೋಸಿಸ್ ಇನ್ನೂ ದೊಡ್ಡ ಸುದ್ದಿ. ಕುಷ್ಠಕ್ಕೆ ಒಂದೇ ಜೀವಿ ಕಾರಣ ಎಂದು 135 ವರ್ಷ ನಂಬಿದ್ದೆವು, ಎರಡಿವೆ.

ಇನ್ನು ನಮ್ಮ ದನ ಕಟ್ಟುವ ಹಟ್ಟಿಯ ಮಾತು. ದನದಿಂದ ಮನುಷ್ಯರಿಗೆ ಬರುವ ಕ್ಷಯ ಅಂದರೆ ಬೋವಿಸ್ ಎಂದೇ ಪುಸ್ತಕಗಳು ಹೇಳುತ್ತಿದ್ದವು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾದರಿಗಳನ್ನು ಜೀನೋಮ್ ಮಟ್ಟದಲ್ಲಿ ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಒರಿಜಿಸ್ ಎಂಬ ಬೇರೆಯೇ ಸದಸ್ಯ. ಇದಕ್ಕೆ ಮೊದಲು 'ಓರಿಕ್ಸ್ ಬ್ಯಾಸಿಲಸ್' ಎನ್ನುತ್ತಿದ್ದರು, ಅರೇಬಿಯಾ ಕಡೆಯ ಜಿಂಕೆಯಂಥ ಪ್ರಾಣಿಯ ಹೆಸರಿನಲ್ಲಿ. ಹಸಿ ಹಾಲು ಕಾಯಿಸಿ ಕುಡಿಯಬೇಕು ಅನ್ನುವ ಅಜ್ಜಿಯ ಮಾತಿಗೆ ಯಾವ ಹೆಸರಾದರೂ ಒಂದೇ, ಅದು ಬೇರೆ ವಿಷಯ.

ಹೆಸರಿಡುವುದರಲ್ಲಿ ಒಂದು ಅಪಾಯವೂ ಇದೆ. 2010ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದ ಕಿಣ್ವಕ್ಕೆ ನ್ಯೂಡೆಲ್ಲಿ ಎಂಬ ಹೆಸರು ಅಂಟಿದಾಗ ಇಡೀ ದೇಶ ಸಿಟ್ಟಾಯಿತು, ಸಂಸತ್ತಿನಲ್ಲೂ ಮಾತಾಯಿತು. ರೋಗಗಳಿಗೆ ಊರಿನ, ಜನರ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಐದು ವರ್ಷದ ಬಳಿಕ ಒಂದು ವೈರಸ್‌ಗೆ ನಮ್ಮ ಸಮುದಾಯದ ಹೆಸರನ್ನೇ ಅಂಟಿಸಿ ಟಿವಿಗಳು ಕೂಗಾಡಿದ್ದನ್ನು, ತಳ್ಳುಗಾಡಿಯ ತರಕಾರಿಯವರನ್ನು ಬೀದಿಯಿಂದ ಓಡಿಸಿದ್ದನ್ನು ನಾವು ಮರೆತಿಲ್ಲ. ಸೂಕ್ಷ್ಮಜೀವಿಗೆ ಧರ್ಮ ಗೊತ್ತಿಲ್ಲ. ತಬ್ಲೀಗಿನವರನ್ನು ಬಲಿಪಶು ಮಾಡಲಾಯಿತು ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆ ಆಗಸ್ಟ್‌ನಲ್ಲಿ ಹೇಳಿದಾಗ ಟಿವಿಗಳು ಬೇರೆ ಸುದ್ದಿಗೆ ಹೋಗಿದ್ದವು.

ಮಾವನ ವಿಷಯಕ್ಕೆ ಬರುತ್ತೇನೆ. ಏಳನೇ ವಾರ ವರದಿ ಬಂತು: ಮೈಕೋಬ್ಯಾಕ್ಟೀರಿಯಂ ಇಂಟ್ರಾಸೆಲ್ಯುಲಾರೆ. ಹೊಸ ಪ್ರಭೇದವೇನಲ್ಲ, ಹಳೆಯ ಪರಿಚಿತನೇ. ವೈದ್ಯರು ಅಷ್ಟಕ್ಕೇ ಔಷಧಿ ಬರೆಯಲಿಲ್ಲ. ಇದು ನೀರಿನಲ್ಲೂ ಇರುವುದರಿಂದ ಒಂದು ಕಫದಲ್ಲಿ ಸಿಕ್ಕರೆ ನಂಬುವ ಹಾಗಿಲ್ಲ, ಬೇರೆ ದಿನದ ಇನ್ನೊಂದು ಕಫದಲ್ಲೂ ಸಿಗಬೇಕು, ಸ್ಕ್ಯಾನಿನಲ್ಲೂ ಕಾಣಬೇಕು ಅಂದರು. ಎರಡೂ ಸಿಕ್ಕಿತು. ಗಲ್ಫಿನ ಧೂಳಿನಲ್ಲಿ ಕೆಲಸ ಮಾಡಿ ಅವರ ಶ್ವಾಸನಾಳಗಳು ಅಲ್ಲಲ್ಲಿ ಹಿಗ್ಗಿದ್ದವಂತೆ. ಅಲ್ಲಿ ಮನೆ ಮಾಡಿಕೊಂಡಿತ್ತು ಅದು. ಕ್ಷಯದ ಮಾತ್ರೆಗಳಲ್ಲಿ ಐಸೊನಿಯಾಝಿಡ್, ಪೈರಾಝಿನಮೈಡ್ ಇದರ ಮೇಲೆ ಹೆಚ್ಚು ಕೆಲಸ ಮಾಡುವುದಿಲ್ಲ. ಅಝಿತ್ರೋಮೈಸಿನ್ ಬಳಗದ ಔಷಧಿ ಮುಖ್ಯ, ಅದರೊಟ್ಟಿಗೆ ರಿಫಾಂಪಿಸಿನ್, ಇಥಾಂಬುಟಾಲ್. ಅದೂ ಕಫದಲ್ಲಿ ಬೆಳೆಯುವುದು ನಿಂತ ಮೇಲೆ ಒಂದು ವರ್ಷ. ಮತ್ತು ಇದು ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅಂದರೆ ತಟ್ಟೆ ಲೋಟ ಬೇರೆ ಮಾಡಿದ್ದು, ಮೊಮ್ಮಕ್ಕಳನ್ನು ದೂರ ಇಟ್ಟದ್ದು, ಯಾವುದೂ ಬೇಕಿರಲಿಲ್ಲ.

ಇದನ್ನು ಓದಿ ಯಾರೂ ತಮ್ಮ ಟಿಬಿ ಮಾತ್ರೆ ನಿಲ್ಲಿಸಬೇಡಿ. ನಮ್ಮ ದೇಶದಲ್ಲಿ ಕಫದಲ್ಲಿ ಕೆಂಪು ಕಡ್ಡಿ ಕಂಡರೆ ಬಹುಪಾಲು ಅದು ಕ್ಷಯವೇ, ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯವಾಗುತ್ತದೆ. ಆದರೆ ಒಂದು ವಿಷಯ ಕೇಳಿ ತಿಳಿಯಬಹುದು. ಸರ್ಕಾರಿ ವ್ಯವಸ್ಥೆಯಲ್ಲಿ ಈಗ ಸಿಬಿನ್ಯಾಟ್, ಟ್ರೂನ್ಯಾಟ್ ಎಂಬ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ಟ್ರೂನ್ಯಾಟ್‌ನ ಹಿಂದೆ ನಮ್ಮ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದ ಕೆಲಸ ಇದೆ. ಇವು ಕ್ಷಯದ ಜೀನನ್ನೇ ಹುಡುಕುತ್ತವೆ, ಕೆಲವೇ ಗಂಟೆಯಲ್ಲಿ ಉತ್ತರ. ಗಾಜಿನ ಮೇಲಿನ ಪರೀಕ್ಷೆ ಪಾಸಿಟಿವ್, ಇದು ಮಾತ್ರ ಮತ್ತೆ ಮತ್ತೆ ನೆಗೆಟಿವ್ ಅಂತ ಬಂದರೆ, ಅಥವಾ ಸರಿಯಾಗಿ ಮಾತ್ರೆ ನುಂಗಿಯೂ ಕಫ ಪಾಸಿಟಿವ್ ಆಗಿಯೇ ಉಳಿದರೆ, ಕಲ್ಚರ್ ಮಾಡಿ ಪ್ರಭೇದ ಯಾವುದು ಅಂತ ನೋಡಬಹುದಾ ಎಂದು ವೈದ್ಯರನ್ನು ಕೇಳಿ. 1959ರಿಂದ ಬೆಂಗಳೂರಿನಲ್ಲೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, ಅದರ ಪ್ರಯೋಗಾಲಯ ದೇಶದ ರೆಫರೆನ್ಸ್ ಲ್ಯಾಬುಗಳಲ್ಲಿ ಒಂದು. ಕೇಳುವುದಕ್ಕೆ ನಾಚಿಕೆ ಬೇಡ.

ಮಾವ ಈಗ ಪುಣೆಯಲ್ಲೇ ಇದ್ದಾರೆ, ಮಾತ್ರೆ ಇನ್ನೂ ಎಂಟು ತಿಂಗಳಿದೆ. ಕೆಮ್ಮು ತಗ್ಗಿದೆ, ಅಲ್‌ಹಮ್ದುಲಿಲ್ಲಾಹ್. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಕಿರಿಯ ಮೊಮ್ಮಗಳು ಅವರ ತೊಡೆ ಮೇಲೆ ಕೂತು ಅವರದೇ ಲೋಟದಿಂದ ಚಹಾ ಕುಡಿಯುತ್ತಿದ್ದಳು.